ಹಿಂದಕ್ಕೆ ಬಂದ ಹಿಡಿ ಮಣ್ಣು

“ನನ್ನ ತಂಗಿ ತೀರ್ಕೊಂಡಿದ್ದು ಶಿವರಾತ್ರಿ ಕಳೆದ ಒಂಬತ್ತನೇ ದಿನ. ಆದ್ರೆ ಅವಳನ್ನ ಕಳ್ಕೊಂಡ್ವಿ ಅಂತ ನಮಗೆ ಗೊತ್ತಾಗಿದ್ದು ಆಷಾಢದ ಒಂದು ಗುರುವಾರ, ಮಟಮಟ ಮಧ್ಯಾಹ್ನ. ಮೊದ್ಲು ಅದನ್ನ ಕೇಳಿ. ಆಮೇಲೆ ನಿಮ್ಮ ಸಿನಿಮಾ ಪಾಠ ಓದ್ಕೊಳ್ಳೋರಂತೆ.”

ಮರುಳಸಿದ್ದಯ್ಯ ಹೀಗೆಂದಾಗ ಗಗನಾ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಹಾಡನ್ನು ಅಲ್ಲಿಗೇ ನಿಲ್ಲಿಸಿ, ಕಿವಿಯಿಂದ ಇಯರ್‌ಫೋನ್ ತೆಗೆದಳು.

ಹೊರಗೆ ಚಿತ್ತೆ ಮಳೆ. ಮೂರು ಗಂಟೆಗೇ ಬೆಳಕು ಇಂಗಿ ಹೋಗಿತ್ತು. ತೋವಿನಕೆರೆಯಿಂದ ಎರಡು ಮೈಲಿ ಆಚೆ, ರಾಗಿ ಹೊಲದ ನಡುವೆ ಇದ್ದ ಆ ಶೀಟಿನ ಮನೆಯ ಮೇಲೆ ಮಳೆ ಬೀಳುವ ಸದ್ದಿಗೆ ಮೆಲ್ಲಗೆ ಆಡಿದ ಮಾತು ಕೇಳುತ್ತಿರಲಿಲ್ಲ. ಗಗನಾ, ಪ್ರಭುದೇವ್, ಅವರ ತರಗತಿಯ ಇನ್ನಿಬ್ಬರು ಬೆಳಿಗ್ಗೆ ಮಧುಗಿರಿಯಿಂದ ಎರಡು ಬೈಕಿನಲ್ಲಿ ಬಂದಿದ್ದರು. ಕಾಲೇಜಿನಲ್ಲಿ ಅವರಿಗೆ ಒಪ್ಪಿಸಿದ್ದ ಕೆಲಸ ಇಷ್ಟು: ಎಲ್ಲರ ಫೋನಿನಲ್ಲೂ ಓಡಾಡುತ್ತಿರುವ ಒಂದು ದೆವ್ವದ ಹಾಡಿನ ವಿಡಿಯೋ ತೆಗೆದುಕೊಂಡು, ಅದರಲ್ಲಿ ಭಯವನ್ನು ಹೇಗೆ ಕಟ್ಟಿದ್ದಾರೆ ಎಂದು ಶಾಟ್ ಶಾಟ್ ಬಿಡಿಸಿ ಬರೆಯುವುದು. ಹಾಡಿನಲ್ಲಿ ಕಾಣುವ ಹೊಂಗೆ ಮರ ಇದೇ ಹೊಲದ್ದು ಎಂದು ಯಾರೋ ಹೇಳಿದ್ದರು. ಜಾಗ ನೋಡಲು ಬಂದವರನ್ನು ಮಳೆ ಕಟ್ಟಿಹಾಕಿತು. ಮುದುಕ ಒಳಗೆ ಬಿಟ್ಟುಕೊಂಡಿದ್ದ, ಆದರೆ ಮುಖ ಗಂಟಿಕ್ಕಿಕೊಂಡೇ.

ಕಾದು ಕೂರುವ ಹೊತ್ತನ್ನು ಹಾಳುಮಾಡುವುದೇಕೆಂದು ಗಗನಾ ಬೆಳಗಿನಿಂದ ನಲವತ್ತೊಂದನೇ ಶಾಟನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದಳು. ಮಣ್ಣು ತಾನಾಗಿ ನೆಲದಿಂದ ಮೇಲೆದ್ದು ಗಾಳಿಯಲ್ಲಿ ಚಾಚಿದ ಕೈಗಳಿಗೆ ಸೇರುವ ಶಾಟ್ ಅದು. ನೋಡಿದವರೆಲ್ಲ ಬೆಚ್ಚುತ್ತಿದ್ದದ್ದು ಅಲ್ಲಿಯೇ. ಮುದುಕನ ಒಂದು ವಿಚಿತ್ರವನ್ನೂ ಅವಳು ಓರೆಗಣ್ಣಿನಲ್ಲಿ ಗಮನಿಸಿದ್ದಳು. ಆತ ಕೂತವನು ಇದ್ದಕ್ಕಿದ್ದಂತೆ ಎಡಗೈ ಮುಷ್ಟಿ ಬಿಗಿದು ಏಳುತ್ತಿದ್ದ. ಮಳೆಯಲ್ಲೇ ಹೊಂಗೆ ಮರದ ಬುಡಕ್ಕೆ ಹೋಗಿ, ಬಿಲ್ವದ ಗಿಡ ನೆಟ್ಟಿದ್ದ ಒಂದು ದಿಬ್ಬದ ಮುಂದೆ ಬಗ್ಗಿ ನಿಂತು, ಸೂರಿನ ನೀರಿಗೆ ಕೈ ತೊಳೆದುಕೊಂಡು ಬಂದು ಕೂರುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಏಳುತ್ತಿದ್ದ. “ತಾತಂಗೆ ಒಂದು ಸ್ಕ್ರೂ ಲೂಸು ಕಣೇ,” ಎಂದಿದ್ದ ಪ್ರಭುದೇವ್.

“ಏನು ಬರ್ಕೊಂಡಿದ್ದೀಯ, ಓದು,” ಎಂದ ಮುದುಕ.

ಗಗನಾ ನೋಟ್ ಬುಕ್ ತೆರೆದಳು. “ಕ್ಯಾಮೆರಾನ ನೆಲದ ಹತ್ರ ಇಟ್ಟು ಮೇಲಕ್ಕೆ ತೋರಿಸಿದಾರೆ, ಅದಕ್ಕೆ ನಿಂತೋರು ರಾಕ್ಷಸರ ಥರ ಕಾಣ್ತಾರೆ. ನೀಲಿ ಬಣ್ಣ ಕೊಟ್ಟು ಬೆಳದಿಂಗಳು ಮಾಡಿದಾರೆ. ಡ್ರಮ್ ಏಟಿಗೆ ಒಂದೊಂದು ಕಟ್. ಯಾರ ಮುಖಾನೂ ಪೂರ್ತಿ ತೋರ್ಸಲ್ಲ. ಮಣ್ಣು ಏಳೋ ಮುಂಚೆ ಸೌಂಡ್ ಪೂರ್ತಿ ನಿಲ್ಲುತ್ತೆ. ಆ ಮಣ್ಣು ಕಂಪ್ಯೂಟರಲ್ಲಿ ಮಾಡಿದ್ದು, ಸೂಪರಾಗಿ ಮಾಡಿದಾರೆ.”

“ಸೂಪರು!” ಮುದುಕ ಕ್ಯಾಕರಿಸಿ ಹೊರಗೆ ಉಗಿದ. “ಸೂಪರಂತೆ. ನಿನ್ನಂಥ ಸಾವಿರ ಜನ ಅದರ ಕೆಳಗೆ ಅದನ್ನೇ ಬರೆದವ್ರೆ. ಏನು ತಾಯಿ, ಅಷ್ಟು ಸಲ ನೋಡ್ದೆ, ಮೂಲೇಲಿ ಒಂದು ಹಕ್ಕಿ ಹಾರೋದು ಕಾಣ್ಲಿಲ್ವಾ? ಹೆಂಗೆ ಹಾರ್ತದೆ ಅದು? ... ಬಾಲ ಮುಂದು ಮಾಡ್ಕೊಂಡು ಹಾರ್ತದೆ ಕಣಮ್ಮ. ಬಾಲ ಮುಂದು ಮಾಡ್ಕೊಂಡು ಹಾರೋ ಹಕ್ಕೀನ ಶಿವ ಎಲ್ಲಿ ಸೃಷ್ಟಿ ಮಾಡಿದಾನೆ?”

ಪ್ರಭುದೇವ್ ಹಲ್ಲು ಕಿರಿದ.

“ಹಲ್ಲು ಒಳಗಿಟ್ಕೋ. ಇದು ನಿನ್ನ ಹಲ್ಲು ನೋಡೋ ಜಾಗ ಅಲ್ಲ.” ಮುದುಕ ಕಂಬಳಿ ಸರಿಮಾಡಿಕೊಂಡು, ಬಾಗಿಲಾಚೆಯ ದಿಬ್ಬದ ಕಡೆ ಮುಖ ಮಾಡಿ ಕೂತ. ಆಮೇಲೆ ಹೇಳತೊಡಗಿದ.

“ನಮ್ಮ ಭಾವ ನಾಗಲಿಂಗಯ್ಯ, ನನ್ನ ತಂಗಿ ಜಗದಾಂಬನ ಗಂಡ, ಸಿರಾದ ಟೆಂಟಲ್ಲಿ ಇಪ್ಪತ್ತೆರಡು ವರ್ಷ ಸಿನಿಮಾ ಆಪರೇಟರ್ ಆಗಿದ್ದ. ಮಿಷನ್ನಿನ ಹಲ್ಲಿಗೆ ಸಿಕ್ಕಿ ಎಡಗೈ ತೋರುಬೆರಳಿನ ತುದಿ ಹೋಗಿತ್ತು, ಅದೊಂದು ಗುರುತು ಇಟ್ಕೊಳ್ಳಿ. ಆಟ ಮುಗಿದ ಮೇಲೆ ರೀಲನ್ನ ಹಿಂದಕ್ಕೆ ಸುತ್ತಬೇಕು, ಇಲ್ಲದಿದ್ರೆ ನಾಳೆ ಆಟ ಇಲ್ಲ. ಅವನೂ ನನ್ನ ಭಾವ ಅಂತಲೇ ಕರೀತಿದ್ದ, ನಗ್ತಿದ್ದ... ‘ಭಾವ, ನೀವು ಸತ್ತೋರ್ನ ಮಣ್ಣಿಗೆ ಇಡ್ತೀರಿ, ನಾನು ದಿನಾ ಎರಡು ಸಲ ಎಬ್ಬುಸ್ತೀನಿ. ಯಾರು ದೊಡ್ಡೋರು?’ ಅಂತ. ನಾನು ಜಂಗಮ, ಸುತ್ತಣ ಹತ್ತು ಊರಲ್ಲಿ ಸಮಾಧಿ ಕ್ರಿಯೆ ಮಾಡ್ತಿದ್ದೋನು. ನಕ್ಕು ಸುಮ್ನಾಗ್ತಿದ್ದೆ. ಆ ನಗು ಇವತ್ತು ಮುಳ್ಳಾಗಿ ಚುಚ್ತದೆ...

“ನನ್ನ ತಂಗಿ ಹೋದ ಹೊತ್ಗೆ ಅವಳ ಮಗಳು ಲೋಹಿತಾ ಪಾವಗಡದ ಕಡೆ, ಬಲಸಮುದ್ರದ ಗಂಡನ ಮನೇಲಿ ಹೆತ್ತು ಐದು ದಿನ ಆಗಿತ್ತು. ಬಾಣಂತಿ ಸಾವಿನ ಮನೆಗೆ ಬರೋ ಹಂಗಿಲ್ಲ. ಫೋನಲ್ಲಿ ಅತ್ತೂ ಅತ್ತೂ ‘ಅಪ್ಪಾ, ಅವ್ವನ ಕಡೇ ಮುಖಾನೂ ನೋಡದಂಗಾಯ್ತಲ್ಲ’ ಅಂದ್ಲು. ಆಗ ಭಾವ ಒಂದು ತಪ್ಪು ಮಾಡ್ದ. ಪ್ರೀತಿಯಿಂದ ಮಾಡ್ದ, ಆದ್ರೆ ತಪ್ಪು ತಪ್ಪೇ. ಅವನ ತಮ್ಮನ ಮಗ ಪ್ರಸನ್ನಕುಮಾರ ಅಂತ, ಮಧುಗಿರೀಲಿ ಮದುವೆ ವಿಡಿಯೋ ತೆಗೆಯೋನು. ಅವನ್ನ ಕರೆಸಿ ‘ಎಲ್ಲಾ ಹಿಡಿಯಪ್ಪ, ಮಗಳಿಗೆ ತೋರಿಸ್ಬೇಕು’ ಅಂದ.

“ನಮ್ಮಲ್ಲಿ ಸುಡೋದಿಲ್ಲ, ಮಲಗಿಸೋದೂ ಇಲ್ಲ. ಪದ್ಮಾಸನ ಹಾಕಿಸಿ, ವಿಭೂತಿ ಧರಿಸಿ, ಕೂರಿಸ್ತೀವಿ. ಕೂತೋರು ಕೂತಂಗೇ ಶಿವನ ಹತ್ರ ಹೋಗ್ಬೇಕು. ಇಗೋ, ಆ ಹೊಂಗೆ ಮರದ ಕೆಳಗೆ, ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ, ಅವಳ ಅಂಗೈಲಿ ಲಿಂಗ ಇಟ್ಟು, ಬಿಲ್ವಪತ್ರೆ ತುಂಬಿ, ಒಡಹುಟ್ಟಿದ ತಂಗಿ ನೆತ್ತಿ ಮೇಲೆ ಈ ಪಾದ ಇಟ್ಟು ಮಂತ್ರ ಹೇಳ್ದೋನು ನಾನೇ. ಎಂಥಾ ಸಂಕಟ ಅದು, ನಿಮಗೆ ಹೆಂಗೆ ಹೇಳ್ಲಿ? ಆಮೇಲೆ ಭಾವ, ನಾನು ಮೂರು ಮೂರು ಹಿಡಿ ಮಣ್ಣು ಕೊಟ್ವಿ. ನಮ್ಮ ಮನೆತನದಲ್ಲಿ ಮಣ್ಣು ಕೊಡೋದು ಎಡಗೈಲಿ, ಲಿಂಗ ಹಿಡಿಯೋ ಕೈಲಿ. ಪ್ರಸನ್ನಕುಮಾರ ಕೊಡ್ಲಿಲ್ಲ. ಅವನ ಕೈಲಿ ಕ್ಯಾಮೆರಾ ಇತ್ತು.

“ಮಣ್ಣು ಕೊಟ್ಟ ಮೇಲೆ ತಿರುಗಿ ನೋಡ್ಬಾರ್ದು. ನಾವು ನೋಡ್ಲಿಲ್ಲ. ಹಾಲು ತುಪ್ಪ ಆಯ್ತು, ಗಣಾರಾಧನೆ ಆಯ್ತು. ನನ್ನ ತಂಗಿ ಶಿವನ ಪಾದದಲ್ಲಿ ತಣ್ಣಗವಳೆ ಅಂದ್ಕೊಂಡಿದ್ವಿ.

“ಆಷಾಢದ ಗುರುವಾರ. ಭಾವ ಊಟಕ್ಕೆ ಕೂತಿದ್ದ, ನಾನೂ ಇದ್ದೆ. ಮುದ್ದೆ ಮುರಿಯೋಕೆ ಹೋದ... ಎಡಗೈ ಭಾರ ಆಯ್ತು. ‘ಭಾವ, ಇದೇನು’ ಅಂತ ಎಡಗೈ ಬಿಚ್ಚಿದ. ಅಂಗೈ ತುಂಬ ಮಣ್ಣು. ಕೆಂಪು ಮಣ್ಣು, ಹಸಿ. ಒಂದು ಬಿಲ್ವದ ಎಲೆ ಕೊಳೆತು ಅಂಟ್ಕೊಂಡಿತ್ತು. ನಾನು ‘ಹೊಲಕ್ಕೆ ಹೋಗಿದ್ಯಾ’ ಅಂತ ಕೇಳೋ ಹೊತ್ಗೆ... ನನ್ನ ಕೈನೂ ಭಾರ ಆಯ್ತು.

“ಅಲ್ಲಿಂದ ಶುರು. ಕೈ ತೊಳೀತೀವಿ, ಗಳಿಗೆಗೆ ಮತ್ತೆ ಮಣ್ಣು. ಬೆಳಿಗ್ಗೆ ಪೂಜೆಗೆ ಕೂತು ಅಂಗೈ ಮೇಲೆ ಲಿಂಗ ಇಡ್ತೀನಿ, ಕಣ್ಮುಚ್ತೀನಿ, ಲಿಂಗದ ಕೆಳಗಿಂದ ಮಣ್ಣು ಎದ್ದು ಲಿಂಗಾನೇ ಮುಚ್ತದೆ. ಐವತ್ತಾರು ವರ್ಷ ಪೂಜೆ ಮಾಡಿದ ಕೈ ಇದು! ಓಡ್ಕೊಂಡು ಬಂದು ಇಲ್ಲಿ ನೋಡಿದ್ರೆ, ಎದೆ ಮಟ್ಟ ಕಟ್ಟಿದ್ದ ದಿಬ್ಬ ಮೊಣಕಾಲಿಗೆ ಇಳಿದದೆ. ಅಗೆದ ಗುರುತಿಲ್ಲ, ನಾಯಿ ಕೆದಕಿದ ಗುರುತಿಲ್ಲ. ಮತ್ತೆ ಮಣ್ಣು ಎಲ್ಲಿಗೆ ಹೋಯ್ತು? ... ನಮ್ಮ ಕೈಗೆ ಬರ್ತಿತ್ತು, ಇನ್ನೆಲ್ಲಿಗೆ ಹೋಗ್ತದೆ?

“ಮೂರನೇ ದಿನ ಬಸ್ಸಲ್ಲಿ ಯಾರೋ ಫೋನು ಹಿಡ್ಕೊಂಡು ಈ ಹಾಡು ನೋಡ್ತಿದ್ರು. ಭಾವ ಪಕ್ಕದಲ್ಲಿದ್ದ. ಆಪರೇಟರ್ ಕಣ್ಣು ನೋಡಿ, ಅವನೂ ನಿನ್ನಂಗೇ ಬಿಡಿಸ್ತಾ ಬಂದ. ‘ಕ್ಯಾಮೆರಾ ನೆಲಕ್ಕಿಟ್ಟವನೆ. ಬೆಳದಿಂಗಳಂತೆ, ನೆರಳು ಕಾಲಡೀಲಿ ಮುದುರ್ಕೊಂಡದೆ, ಹಗಲು ಎರಡು ಗಂಟೆ ಬಿಸಿಲು ಇದು. ಮಂಜು ಅಂತೆ, ಇದು ಧೂಪದ ಹೊಗೆ’ ಅಂತ ನಗ್ತಾ ನಗ್ತಾ ಹೇಳ್ದ. ಆಮೇಲೆ ಹಕ್ಕಿ ಕಂಡ. ನಗು ನಿಂತೋಯ್ತು. ‘ಭಾವ... ರೀಲು ಹಿಂದಕ್ಕೆ ಓಡ್ತದೆ’ ಅಂದ. ಅಷ್ಟೊತ್ಗೆ ಮಣ್ಣು ಎದ್ದು ಒಂದು ಕೈಗೆ ಬಂತು. ಆ ಕೈಗೆ ತೋರುಬೆರಳಿನ ತುದಿ ಇರ್ಲಿಲ್ಲ.”

ಗಗನಾಳ ಕಣ್ಣು ತಾನಾಗಿ ಲ್ಯಾಪ್‌ಟಾಪಿನತ್ತ ಹೋಯಿತು. ನಿಲ್ಲಿಸಿದ ಚಿತ್ರದಲ್ಲಿ ಮಣ್ಣು ಅರ್ಧ ದಾರಿಯಲ್ಲಿತ್ತು, ಕೈ ಮಬ್ಬಾಗಿ ಕಾಣುತ್ತಿತ್ತು. ಅವಳು ಬೆರಳುಗಳನ್ನು ಎಣಿಸಿದಳು. ಮತ್ತೆ ಎಣಿಸಿದಳು. ತೋರುಬೆರಳು ಮೊಂಡಾಗಿತ್ತು. ಬೆಳಗಿನಿಂದ ಅದನ್ನು ಅವಳು ಕಂಪ್ಯೂಟರಿನ ಕುಸುರಿ ಎಂದು ಬರೆದುಕೊಂಡಿದ್ದಳು.

“ಕಂಪ್ಯೂಟರಲ್ಲಿ ಏನೂ ಮಾಡಿಲ್ಲ ಕಣಮ್ಮ. ನನ್ನ ತಂಗಿಗೆ ಮಣ್ಣು ಕೊಟ್ಟ ವಿಡಿಯೋನ ಆ ಪ್ರಸನ್ನಕುಮಾರ ತಿರುಗಿಸಿ ಓಡಿಸಿ ಹಾಡಿಗೆ ಸೇರಿಸವ್ನೆ, ಅಷ್ಟೇ. ಹಾಕಿದ ಮಣ್ಣು ತೆಗ್ದಂಗೆ, ನೆತ್ತಿ ಮೇಲಿಟ್ಟ ಪಾದ ಎತ್ಕೊಂಡಂಗೆ, ಕೈಗೆ ಕೊಟ್ಟ ಲಿಂಗ ಕಿತ್ಕೊಂಡಂಗೆ... ಕೂರಿಸ್ದೋಳನ್ನ ಮೇಲಕ್ಕೆತ್ತಿ ಮನೆಗೆ ವಾಪಸ್ ತಂದಂಗೆ. ಒಬ್ಬೊಬ್ರು ನೋಡ್ದಾಗೂ ಒಂದೊಂದು ಸಲ ಅವಳನ್ನ ಎಬ್ಬಿಸ್ದಂಗೆ. ದೂರದಲ್ಲಿ ನೋಡಿದ್ರೆ ಕಣದಷ್ಟು ಮಣ್ಣು ಬರ್ತದೆ, ಹತ್ರ ಕೂತು ನೋಡಿದ್ರೆ ಹಿಡಿ ತುಂಬ. ಎಷ್ಟು ಲಕ್ಷ ಜನ ನೋಡವ್ರೆ ಅಂತ ನೀನೇ ಬರ್ಕೊಂಡಿದ್ದೀಯಲ್ಲ!

“ಮಧುಗಿರಿಗೆ ಹೋದ್ವಿ. ಪ್ರಸನ್ನಕುಮಾರ ಸ್ಟುಡಿಯೋದಲ್ಲಿ ಕಾಲ ಮೇಲೆ ಕಾಲು ಹಾಕ್ಕೊಂಡಿದ್ದ. ‘ದೊಡ್ಡಪ್ಪ, ದೊಡ್ಡಮ್ಮನ ಮುಖ ಎಲ್ಲೂ ತೋರ್ಸಿಲ್ಲ, ಯಾಕೆ ಕೂಗಾಡ್ತೀಯ? ಬದುಕಿದ್ದಾಗ ಕೊರಟಗೆರೆ ದಾಟದೋಳು ಈಗ ದೇಶ ಎಲ್ಲಾ ಸುತ್ತವ್ಳೆ, ಖುಷಿ ಪಡು’ ಅಂದ. ಲೇ! ಇಂಥ ಮಾತು ಆಡೋ ನಾಲಿಗೆಗೆ ಏನು ಮಾಡ್ಬೇಕು? ಭಾವ ಕೈ ಬಿಚ್ಚಿ ಮಣ್ಣು ತೋರಿಸ್ದ. ‘ಒಳ್ಳೆ ಐಡಿಯಾ, ಇದನ್ನೂ ಶೂಟ್ ಮಾಡಣ’ ಅಂದ ಅವನು. ಅವನ ಕೈ ಚೊಕ್ಕ ಇತ್ತು. ಮಣ್ಣು ಬರೋದು ಮಣ್ಣು ಕೊಟ್ಟ ಕೈಗೆ ಮಾತ್ರ. ಅವನು ಕೊಟ್ಟಿದ್ರೆ ತಾನೆ?

“ಅಷ್ಟರಲ್ಲಿ ಲೋಹಿತಾ ಫೋನು ಬಂತು. ‘ಅಪ್ಪಾ, ಅವ್ವ ಬಂದವ್ಳೆ’ ಅಂದ್ಲು. ಹಾಡಹಗಲು. ಬೆನ್ನು ಮುಂದು ಮಾಡ್ಕೊಂಡು ಹೊಸಿಲು ದಾಟಿ ಬಂದ್ಲಂತೆ. ಮುಖ ತಿರುಗಿಸ್ಲಿಲ್ಲವಂತೆ. ಮೊದ್ಲು ತೊಟ್ಟಿಲು ತೂಗ್ತಂತೆ, ಆಮೇಲೆ ಅವಳ ಕೈ ತೊಟ್ಟಿಲು ಮುಟ್ತಂತೆ. ಮೊದ್ಲು ಕೂಸು ಕಿರುಚ್ತಂತೆ, ಆಮೇಲೆ ಅವಳು ಬಗ್ಗಿದ್ಲಂತೆ... ತಾನು ಎತ್ತಿ ಆಡಿಸಿದ ಮಗಳು ಹೆತ್ತ ಕೂಸು ಅಂತ ಕರುಣೆ ಇತ್ತಾ? ಇಲ್ಲ. ಎಬ್ಬಿಸಿದೋರ ಮೇಲೆ ಇರೋ ಸಿಟ್ಟು ಅದು, ಯಾರು ಎದುರಿಗೆ ಸಿಕ್ಕಿದ್ರೆ ಅವರ ಮೇಲೆ. ನನ್ನ ತಂಗೀನ ನಾನು ಹಿಂಗನ್ನಬೇಕಾಯ್ತಲ್ಲ, ಶಿವನೇ. ಅವತ್ತಿಂದ ಕೂಸು ಕುಡಿದ ಹಾಲೆಲ್ಲ ವಾಪಸ್ ಬರೋದು. ಅಂಗನವಾಡೀಲಿ ತೂಗಿದ್ರೆ ವಾರ ವಾರಕ್ಕೂ ಇಳೀತಾ ಬಂತು, ಹುಟ್ಟಿದ ದಿನದ ತೂಕಕ್ಕೆ ಇಳೀತು. ಇನ್ನೂ ಇಳಿದ್ರೆ ಎಲ್ಲಿಗೆ ಹೋಗ್ತದೆ ಹೇಳಿ?

“ಪ್ರಸನ್ನಕುಮಾರನ ಕುತ್ತಿಗೆ ಪಟ್ಟಿ ಹಿಡಿದು ಹಾಡು ತೆಗೆಸಿದ್ವಿ. ಏನು ಬಂತು? ಒಂದು ಕಡೆ ತೆಗೆದ್ರೆ ಹತ್ತು ಕಡೆ ಇತ್ತು. ಯಾರ್ಯಾರೋ ಇಳಿಸ್ಕೊಂಡು ಏರಿಸ್ಬುಟ್ಟಿದ್ರು. ಸೀದಾ ಓಡೋ ಮೂಲ ವಿಡಿಯೋ ಕೊಡಪ್ಪ ಅಂದ್ರೆ, ಕಾರ್ಡು ಅಳಿಸಿ ಯಾವುದೋ ನಾಮಕರಣಕ್ಕೆ ಬಳಸ್ಬುಟ್ಟಿದ್ದ.

“ಆಗ ಭಾವ ಒಂದು ಮಾತು ಅಂದ. ‘ಭಾವ, ರೀಲು ಹಿಂದಕ್ಕೆ ಓಡಿದ್ರೆ ಆಪರೇಟರ್ ಏನು ಮಾಡ್ಬೇಕು? ಮುಂದಕ್ಕೆ ಸುತ್ತಬೇಕು. ಎಷ್ಟು ಸಲ ಓಡಿಸ್ತಾರೋ ಅಷ್ಟು ಸಲ.’ ಅಷ್ಟೇ. ಹೊಲದಲ್ಲಿ ಈ ಶೀಟಿನ ಮನೆ ಹಾಕ್ದ. ಕೈಗೆ ಮಣ್ಣು ಬಂದಂಗೆಲ್ಲ ಎದ್ದು ಹೋಗಿ ದಿಬ್ಬಕ್ಕೆ ಹಾಕಿ ಮಂತ್ರ ಹೇಳ್ತಿದ್ದ. ನಾನೂ ಜೊತೆಗೆ ಕೂತೆ. ಒಂದು ವಾರಕ್ಕೆ ದಿಬ್ಬ ಇಳಿಯೋದು ನಿಲ್ತು. ಬಲಸಮುದ್ರದಲ್ಲಿ ಕೂಸಿನ ಹೊಟ್ಟೇಲಿ ಹಾಲು ನಿಲ್ತು. ಅವಳು ಮತ್ತೆ ಹೊಸಿಲು ದಾಟ್ಲಿಲ್ಲ. ಗೆದ್ವಿ ಅಂದ್ಕೊಂಡ್ವಿ ಕಣಮ್ಮ...

“ಗಣಪತಿ ಬಿಡೋ ದಿನ ಬಂತು. ಪೆಂಡಾಲು ಪೆಂಡಾಲಲ್ಲೂ ಆಳೆತ್ತರದ ಪರದೆ ಕಟ್ಟಿ ಇದೇ ಹಾಡು. ಬೆಳಿಗ್ಗೆ ಶುರುವಾದ್ದು ನಿಲ್ಲಲಿಲ್ಲ. ನನಗೆ ಆವತ್ತು ಜ್ವರ, ಊರಲ್ಲಿ ಮಲಗಿದ್ದೆ. ಕಂಬಳಿ ಒಳಗೆ ನನ್ನ ಕೈಗೆ ಬಂದಿದ್ದೇ ಒಂದು ಮಂಕರಿ ಮಣ್ಣು. ಭಾವನಿಗೆ ಎಷ್ಟು ಬಂದಿರ್ಬೇಕು? ಮಾರನೇ ದಿನ ಬಂದು ನೋಡಿದ್ರೆ, ದಿಬ್ಬದ ಮುಂದೆ ಪದ್ಮಾಸನ ಹಾಕ್ಕೊಂಡು ಕೂತಿದ್ದ. ಯಾರೂ ಕೂರಿಸ್ಲಿಲ್ಲ, ತಾನೇ ಕೂತಿದ್ದ. ಎದೆ ಮಟ್ಟ ಮಣ್ಣು, ಉಸಿರಿರ್ಲಿಲ್ಲ. ದಿಬ್ಬ ಮಾತ್ರ ಒಂದು ಹಿಡಿನೂ ಕಮ್ಮಿ ಆಗಿರ್ಲಿಲ್ಲ. ಕಡೇ ಆಟದ ತನಕ ಮಿಷನ್ ಬಿಟ್ಟು ಏಳ್ಲಿಲ್ಲ ನನ್ನ ಭಾವ.

“ಅವತ್ತಿಂದ ನಾನೊಬ್ನೇ. ಎಂಬತ್ತೊಂದು ವರ್ಷ ನನಗೆ.”

ಮಳೆ ಸ್ವಲ್ಪ ಇಳಿದಿತ್ತು. ಶೀಟಿನ ಮೇಲಿನ ಸದ್ದು ಈಗ ಹನಿ ಹನಿಯಾಗಿ ಕೇಳುತ್ತಿತ್ತು.

“ಕತೆ ಚೆನ್ನಾಗಿದೆ ತಾತ,” ಎಂದ ಪ್ರಭುದೇವ್.

ಮುದುಕ ಅವನನ್ನು ನೋಡಲಿಲ್ಲ. ಗಗನಾಳನ್ನು ನೋಡಿದ. “ಇವತ್ತು ಬೆಳಗಿಂದ ನೀನು ಆ ಶಾಟ್ ಎಷ್ಟು ಸಲ ಹಾಕ್ದೆ, ಹೇಳ್ಲಾ? ಹದಿನಾಲ್ಕು. ಹದಿನೈದನೇದನ್ನ ನಾನು ಮಾತು ಶುರು ಮಾಡ್ದಾಗ ಅರ್ಧಕ್ಕೆ ನಿಲ್ಲಿಸಿದ್ದೀಯ.” ಇಷ್ಟು ಹೊತ್ತೂ ಕಂಬಳಿಯೊಳಗೆ ಮುಚ್ಚಿಟ್ಟುಕೊಂಡಿದ್ದ ಎಡಗೈಯನ್ನು ಹೊರಗೆ ಚಾಚಿ ಬಿಚ್ಚಿದ. ಅಂಗೈಯಲ್ಲಿ ಮಣ್ಣಿತ್ತು. ಅರ್ಧ ಹಿಡಿ.

“ಅವಳನ್ನ ಅರ್ಧಕ್ಕೆ ಎಬ್ಬಿಸಿ ನಿಲ್ಲಿಸ್ಬೇಡ ಕಣಮ್ಮ. ಪೂರ್ತಿ ಮಾಡು.”

ಗಗನಾ ಬೆರಳೊತ್ತಿದಳು. ಪರದೆಯ ಮೇಲೆ ಮಣ್ಣು ಎದ್ದು ಕೈ ಸೇರಿತು. ಮುದುಕನ ಅಂಗೈಯಲ್ಲಿ, ಅವಳು ನೋಡುತ್ತಿದ್ದಂತೆಯೇ, ಒರತೆಯಲ್ಲಿ ನೀರು ತುಂಬುವಂತೆ ಮಣ್ಣು ತುಂಬಿತು. ಹಿಂದೆ ಯಾರೋ ಚೀರಿದರು.

“ನನ್ನ ಮಂಡಿ ಇನ್ನು ಏಳಲ್ಲ ತಾಯಿ. ಎಬ್ಬಿಸಿದೋಳು ನೀನು. ಇದೊಂದು ಹಿಡಿ ನೀನೇ ಹಾಕಿ ಬಾ. ಎಡಗೈಲಿ.”

ಅವಳು ತಪ್ಪಿತಸ್ಥಳಂತೆ ಕೈಯೊಡ್ಡಿದಳು. ಮಣ್ಣು ತಣ್ಣಗೆ, ತೂಕವಾಗಿತ್ತು. ಬರಿಗಾಲಲ್ಲಿ ಕೆಸರು ತುಳಿದು ದಿಬ್ಬದ ಹತ್ತಿರ ಹೋದಳು. ಬಿಲ್ವದ ಗಿಡದ ಬುಡಕ್ಕೆ ಮಣ್ಣು ಹಾಕಿದಳು. “ಕ್ಷಮಿಸು ಅಜ್ಜಿ,” ಎಂದಳು. ಎದೆಯ ಭಾರ ಸ್ವಲ್ಪ ಇಳಿದಂತಾಯಿತು. ಸೂರಿನ ನೀರಿಗೆ ಕೈಯೊಡ್ಡಿ ತೊಳೆದಳು. ಬಾಗಿಲ ಹತ್ತಿರ ಬಂದಾಗ ಮುದುಕ ಮೊದಲ ಸಲ ಅವಳ ಹೆಸರು ಕೇಳಿದ. ಹೇಳಿದಳು.

ಒಳಗೆ ಪ್ರಭುದೇವನಿಗೆ ತಡೆಯಲಾಗಲಿಲ್ಲ. “ಏನೋ ಕಣ್ಕಟ್ಟು ಕಣ್ರೋ, ಇನ್ನೊಂದು ಸಲ ನೋಡೇಬಿಡಣ,” ಎಂದು ತನ್ನ ಫೋನಿನಲ್ಲಿ ಹಾಡು ಹಾಕಿದ. ಡ್ರಮ್ ಬಡಿಯಿತು. ಆಮೇಲೆ ಸದ್ದು ಪೂರ್ತಿ ನಿಂತಿತು. ಅವಳಿಗೆ ಗೊತ್ತಿತ್ತು, ಸದ್ದು ನಿಂತ ಮೇಲೆ ಬರುವುದು ನಲವತ್ತೊಂದನೇ ಶಾಟ್.

ತೊಳೆದ ಎಡಗೈ ಭಾರವಾಯಿತು.

ಮಣ್ಣು ಕೊಟ್ಟ ಕೈಗೆ ಮಾತ್ರ. ಮುದುಕ ಮೊದಲೇ ಹೇಳಿದ್ದ. ಅವಳು ತಲೆಯೆತ್ತಿ ಆತನ ಮುಖ ನೋಡಿದಳು. ಆತ ಕಣ್ಣು ತಪ್ಪಿಸಲಿಲ್ಲ. ಆ ಕಣ್ಣಿನಲ್ಲಿ ಕರುಣೆ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಬಹಳ ದಿನ ಒಬ್ಬನೇ ದುಡಿದವನ ದಣಿವು ಮಾತ್ರ ಇತ್ತು.

“ಗಗನಾ,” ಎಂದ ಆತ, “ನಿನ್ನದು ಎಳೇ ಕೈ. ತುಂಬಾ ವರ್ಷ ಬರ್ತದೆ.”

ಆಮೇಲೆ ದಿಬ್ಬದ ಕಡೆ ತಿರುಗಿ, ಮಣ್ಣಾದ ತನ್ನ ಎಡಗೈಯನ್ನೂ ಬಲಗೈಯನ್ನೂ ಜೋಡಿಸಿದ.

“ಶಿವನೇ, ನನ್ನ ತಂಗಿ ಜಗದಾಂಬನಿಗೆ ಶಾಂತಿ ಕೊಡಪ್ಪ. ಅವಳ ಅಂಗೈಲಿಟ್ಟ ಲಿಂಗ ಅಂಗೈಲೇ ಇರ್ಲಿ. ನೆತ್ತಿ ಮೇಲೆ ಬಿದ್ದ ಮಣ್ಣು ನೆತ್ತಿ ಮೇಲೇ ಇರ್ಲಿ. ಕೂತೋಳು ಕೂತಂಗೇ ಇರ್ಲಿ, ತಂದೆ... ಮುಖ ತಿರುಗಿಸದೇ ಇರ್ಲಿ.”